ಕ್ಯಾಪ್ಟನ್ನರ ಕಿತ್ತಳೆ ಪಟ್ಟಿ

ಮೀನುಪೇಟೆಯಿಂದ ಬಂದು ಬಾಗಿಲು ತೆಗೆದೆ. ತಮ್ಮನ ಚಿತ್ರಶಾಲೆಯ ಕುರ್ಚಿಯಲ್ಲಿ ಕ್ಯಾಪ್ಟನ್ ವೌಟರ್ ಸತ್ತು ಕುಳಿತಿದ್ದರು. ಭುಜದಿಂದ ಎದೆಯ ಮೇಲೆ ಅಡ್ಡ ಬಿದ್ದಿದ್ದ ಕಿತ್ತಳೆ ರೇಷ್ಮೆ ಪಟ್ಟಿ ರಕ್ತದಲ್ಲಿ ತೊಯ್ದಿತ್ತು. ನೆಲದ ಮೇಲೆ ಸೀಮೆಸುಣ್ಣ ಕೆತ್ತುವ ಚಾಕು ಬಿದ್ದಿತ್ತು.

ಚಾಕು ತಮ್ಮ ಎವರ್ಟನದು. ನಿನ್ನೆಯಷ್ಟೇ ಕ್ಯಾಪ್ಟನ್ನರು, "ಚಿತ್ರದಲ್ಲಿ ಗಂಡಸಿನ ಹಾಗೆ ಕಾಣ್ತಿಲ್ಲ ನಾನು. ಎದೆ ಉಬ್ಬಿಸೋ, ಮೊಣಕೈ ಚಾಚೋ" ಎಂದು ಅವನನ್ನು ಬೈದಿದ್ದರು. ಸುದ್ದಿ ಕೇಳಿ ಬಂದ ಕೊತ್ವಾಲ ಬಾರ್ಟೌಟ್‌ಗೆ ಅಷ್ಟೇ ಸಾಕಾಯಿತು. ತಮ್ಮನಿಗೆ ಬೇಡಿ ಬಿತ್ತು. ನಮ್ಮೂರು ಹಾರ್ಲೆಮ್‌ನಲ್ಲಿ ಕೊಲೆಗೆ ಗಲ್ಲು.

"ಕಾಗದ ತರೋಕೆ ಹೋಗಿದ್ದೆ ಅಕ್ಕ," ಎಂದ ಎವರ್ಟ್. "ಅಂಗಡಿ ಮುಚ್ಚಿತ್ತು."

"ಮುಚ್ಚದೆ ಇರುತ್ತಾ?" ಬಾಗಿಲಲ್ಲಿ ನಿಂತಿದ್ದ ಲುಬರ್ಟ್ ಅಣಕಿಸಿ ನಕ್ಕ. ಅವನು ಕ್ಯಾಪ್ಟನ್ನರ ಊರ ಕಾವಲು ದಳದಲ್ಲಿ ಬಾವುಟ ಹಿಡಿಯುವವನು.

* * *

ನಾನು ಚಿತ್ರದ ಕಡೆ ನೋಡಿದೆ. ಸೊಂಟದ ಮೇಲೆ ಕೈ, ಕತ್ತಿ, ಪಟ್ಟಿ ಎಲ್ಲ ಮುಗಿದಿತ್ತು. ಮುಖ ಮಾತ್ರ ಖಾಲಿ. ದೊಡ್ಡವರು ಮುಖಕ್ಕಷ್ಟೇ ಬಂದು ಕೂರುತ್ತಾರೆ. ಉಡುಪನ್ನು ಮರದ ಬೊಂಬೆಗೆ ತೊಡಿಸಿ ಬರೆಯುತ್ತೇವೆ. ಬೆಳಗ್ಗೆ ಪಟ್ಟಿ ಬೊಂಬೆಯ ಮೇಲಿತ್ತು. ಈಗ ಬೊಂಬೆ ಬರಿದಾಗಿತ್ತು.

"ಸ್ವಾಮಿ, ಆ ಪಟ್ಟಿ ಎತ್ತಿ ನೋಡಿ."

ಕೊತ್ವಾಲ ಎತ್ತಿದ. ಅಂಗಿಯಲ್ಲಿ ತೂತು ಇತ್ತು. ಪಟ್ಟಿಯಲ್ಲಿ ಇರಲಿಲ್ಲ.

"ಇರಿದ ಮೇಲೆ ಹಾಕಿದ್ದಾರೆ. ಯಾಕಮ್ಮ?"

"ಇರಿಯುವಾಗ ಪಟ್ಟಿ ಕೊಂದವನ ಮೈಮೇಲಿತ್ತು. ರಕ್ತ ಸಿಡೀತು. ಬೊಂಬೆಗೆ ವಾಪಸ್ ಹಾಕೋ ಹಾಗಿರಲಿಲ್ಲ. ಹೆಣದ ಮೇಲಾದ್ರೆ ರಕ್ತ ಸಹಜ ಅನ್ಸುತ್ತೆ."

"ನಿನ್ನ ತಮ್ಮನೇ ಯಾಕಾಗಬಾರದು?"

"ಮೂರು ದಿನ ನೋಡಿ ನೋಡಿ ಬರೆದವನು ಅವನು. ಚಿತ್ರದಲ್ಲಿ ಪಟ್ಟಿ ಬಲ ಭುಜದ ಮೇಲಿದೆ. ಹೆಣಕ್ಕೆ ಎಡ ಭುಜದ ಮೇಲೆ ಹಾಕಿದ್ದಾರೆ. ದಳದಲ್ಲಿ ಎಡಕ್ಕೆ ಹಾಕೋನು ಒಬ್ಬನೇ. ಬಲ ಹೆಗಲಿಗೆ ಬಾವುಟ ಆನಿಸಬೇಕಲ್ಲ."

ಬೆನ್ನ ಹಿಂದೆ ಒರೆಯಿಂದ ಕತ್ತಿ ಸರಿದ ಸದ್ದಾಯಿತು. ತಿರುಗಲು ಧೈರ್ಯ ಬರಲಿಲ್ಲ. ಕುತ್ತಿಗೆಯ ಮೇಲೆ ಲುಬರ್ಟನ ಉಸಿರು ತಾಗುತ್ತಿತ್ತು.

"ಕೆಳಗಿಡೋ," ಕೊತ್ವಾಲ ಮೆಲ್ಲಗೆ ಹೇಳಿದ. "ಅವಳನ್ನ ಕೊಂದ್ರೂ ಪಟ್ಟಿ ಅಲ್ಲೇ ಇರುತ್ತೆ."

ಕತ್ತಿ ನೆಲಕ್ಕೆ ಬಿತ್ತು.

"ಒಳಗೆ ಯಾರೂ ಇರಲಿಲ್ಲ. ಒಂದು ಗಳಿಗೆ ಪಟ್ಟಿ ಹಾಕ್ಕೊಂಡು ಕನ್ನಡಿ ನೋಡಿದೆ ಅಷ್ಟೇ," ಎಂದ ಲುಬರ್ಟ್. "ಕ್ಯಾಪ್ಟನ್ ಬಂದು ಬಿದ್ದು ಬಿದ್ದು ನಕ್ಕ. ಬಾವುಟದ ಕೋಲು ಹಿಡಿಯೋನಿಗೆ ಗಂಡಸಿನ ವೇಷ ಯಾಕೋ ಅಂದ. ಚಾಕು ಕೈಗೆ ಸಿಕ್ತು."

* * *

ತಮ್ಮನ ಬೇಡಿ ಬಿಚ್ಚಿದರು. ಕ್ಯಾಪ್ಟನ್ನರ ಹೆಂಡತಿ ಬಂದು, ಗಂಡನ ಮುಖವನ್ನು ನೆನಪಿನಿಂದಲೇ ಬರೆದುಕೊಡಲು ಕೇಳಿದರು. ಎವರ್ಟ್ ಸೀಮೆಸುಣ್ಣ ಎತ್ತಿಕೊಂಡ. ಆ ಉಬ್ಬಿದ ಎದೆಯ ಮೇಲಿನ ಖಾಲಿ ಜಾಗದ ಮುಂದೆ ಅವನ ಕೈ ನಿಂತುಬಿಟ್ಟಿತು. ನಾನು ಆ ಕೈ ಹಿಡಿದುಕೊಂಡೆ. ಇಬ್ಬರೂ ಸೇರಿ ಮುಖದ ಮೊದಲ ಗೆರೆ ಎಳೆದೆವು.