ಬಲಗೈಯಲ್ಲಿದ್ದ ಉಂಗುರ

"ಈ ಕೈ ಯಾರದು?"

ಪದ್ಮಾ ಫೋನನ್ನು ಹುಳಿಯ ಪಾತ್ರೆಗೂ ಮೊಸರಿನ ಬಟ್ಟಲಿಗೂ ನಡುವೆ ಇಟ್ಟು ಸೊಸೆಯ ಕಡೆಗೆ ತಳ್ಳಿದರು. ಪರದೆಯ ತುಂಬ ಒಂದೇ ಒಂದು ಬಲಗೈ. ಅದು ಕಾಫಿಯ ತಟ್ಟೆ ಹಿಡಿದಿತ್ತು. ಉಂಗುರದ ಬೆರಳಿನಲ್ಲಿ ಸವೆದ ಚಿನ್ನದ ತೆಳು ಉಂಗುರ. ಅದರ ಮೇಲೆ ಹೃದಯವೊಂದನ್ನು ಹಿಡಿದ ಎರಡು ಪುಟ್ಟ ಕೈಗಳು, ಹೃದಯದ ಮೇಲೊಂದು ಕಿರೀಟ.

"ನನ್ನದು, ಅತ್ತೆ," ಎಂದಳು ಹರ್ಷಿಣಿ.

"ಯಾವತ್ತಿನ ಫೋಟೊ?"

"ನೀವೆಲ್ಲ ನನ್ನನ್ನ ನೋಡೋಕೆ ಬಂದ ದಿನದ್ದು."

"ಆ ದಿನಕ್ಕಿಂತ ಮುಂಚೆ ನನ್ನ ಮಗನ ಮುಖ ನೋಡಿದ್ದೆಯಾ ನೀನು?"

ಹರ್ಷಿಣಿ ಗಂಡನ ಕಡೆ ನೋಡಿದಳು. ಸಾತ್ವಿಕ್ ತಲೆ ಎತ್ತಲಿಲ್ಲ. ಅವನ ಬೆರಳುಗಳು ಆಗಲೇ ಕಲಸಿ ಆಗಿದ್ದ ಅನ್ನವನ್ನು ಮತ್ತೆ ಮತ್ತೆ ಕಲಸುತ್ತಿದ್ದವು.

ಎಲ್ಲ ಶುರುವಾದದ್ದು ಹತ್ತು ನಿಮಿಷದ ಹಿಂದೆ, ಏನೂ ಅರಿಯದ ನಗುವಿನಿಂದ. ಸಾತ್ವಿಕನ ತಂಗಿ ಅನನ್ಯಾಳ ನಿಶ್ಚಿತಾರ್ಥಕ್ಕೆ ಮೂರು ವಾರವಿತ್ತು, ಹುಡುಗ ದೆಹಲಿಯ ರೋಹಿಣಿ ಬಡಾವಣೆಯವನು. ಸಮಾರಂಭದಲ್ಲಿ ತೋರಿಸುವ ವಿಡಿಯೊಗೆಂದು ಅವಳು ಮನೆಯ ಹಳೆಯ ಫೋಟೊಗಳನ್ನು ಆರಿಸುತ್ತಿದ್ದಳು. ಅತ್ತಿಗೆಯ ಉಂಗುರ ಕಣ್ಣಿಗೆ ಬಿತ್ತು. ಇದೆಂಥ ಡಿಸೈನ್ ಎಂದು ಫೋನಿನಲ್ಲಿ ಹುಡುಕಿದವಳು ಊಟದ ಮೇಜಿನಲ್ಲೇ ಗಟ್ಟಿಯಾಗಿ ಓದಿದಳು. "ಇದು ಐರಿಷ್ ರಿಂಗ್ ಅಂತೆ, ಕ್ಲಾಡಾ ಅಂತಾರೆ. ಕೈ ಅಂದ್ರೆ ಸ್ನೇಹ, ಹಾರ್ಟ್ ಅಂದ್ರೆ ಪ್ರೀತಿ, ಕ್ರೌನ್ ಅಂದ್ರೆ ನಿಷ್ಠೆ. ಸೋ ಕ್ಯೂಟ್, ನಾ? ರೈಟ್ ಹ್ಯಾಂಡಲ್ಲಿ ಹಾರ್ಟಿನ ಚೂಪು ಹೊರಗಿದ್ರೆ ಸಿಂಗಲ್. ಒಳಗೆ, ಮಣಿಕಟ್ಟಿನ ಕಡೆ ತಿರುಗಿದ್ರೆ ಮನಸ್ಸು ಬುಕ್ ಆಗಿದೆ ಅಂತ. ಲೆಫ್ಟ್ ಹ್ಯಾಂಡಿಗೆ ಬಂದ್ರೆ ಶಾದಿ... ಅರೆ ಭಾಭಿ, ಲಡ್ಕಿ ದೇಖನಾ ದಿನಾನೇ ನಿಮ್ಮದು ಒಳಗಿದೆಯಲ್ಲ! ಕೌನ್ ಥಾ ವೋ, ಯಾರವನು?"

ಆಮೇಲೆ ಅವಳು ನಕ್ಕಳು. ಬೇರೆ ಯಾರೂ ನಗಲಿಲ್ಲ.

"ಅಮ್ಮ, ನಾನು ಮಜಾಕ್ ಮಾಡಿದ್ದು ಯಾರ್," ಎಂದು ಈಗ ಅನನ್ಯಾ ಗೋಗರೆದಳು. "ಜನ ಸುಮ್ನೆ ಫ್ಯಾಷನ್‌ಗೆ ಹಾಕ್ಕೋತಾರೆ."

"ಫ್ಯಾಷನ್‌ಗೆ ಹಾಕ್ಕೊಂಡವಳು ಮದುವೆಯಾದ ಮೇಲೆ ಎಡಗೈಗೆ ಯಾಕೆ ಬದಲಾಯಿಸಿದಳು? ನಿಯಮ ಗೊತ್ತಿದ್ದವಳೇ ಹಾಗೆ ಮಾಡೋದು." ಪದ್ಮಾ ದಡ್ಡರಲ್ಲ. "ಅದನ್ನ ಬಿಚ್ಚು, ಹರ್ಷಿಣಿ."

"ಇದು ತಾಯಿ ಕೊಟ್ಟದ್ದು, ಅತ್ತೆ. ಬಿಚ್ಚೋದಿಲ್ಲ."

"ನೀನು ಕಾಲೇಜಿನಲ್ಲಿದ್ದಾಗಲೇ ನಿನ್ನ ತಾಯಿ ತೀರಿಕೊಂಡರು. ಯಾವ ತಾಯಿ ಕೊಟ್ಟಳು?"

ತಾಯಿ ಕೊಟ್ಟದ್ದು ಎಂದದ್ದು ಸುಳ್ಳಲ್ಲ. ಹರ್ಷಿಣಿ ಐರ್ಲೆಂಡಿನ ಗಾಲ್ವೇ ಊರಿನಲ್ಲಿ ಒಂದು ವರ್ಷ ಓದಿದ್ದಳು. ಖರ್ಚಿಗೆಂದು ಸಂಜೆ ಹೊತ್ತು ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದಾಗ ನೋರಾ ಎಂಬ ಮುದುಕಿಯ ತಲೆ ಬಾಚುವುದು ಅವಳ ಪಾಲಿಗೆ ಬಂತು. ಆ ಉಂಗುರ ಹುಟ್ಟಿದ ಕ್ಲಾಡಾ ಎಂಬ ಮೀನುಗಾರರ ಕೇರಿಯವಳೇ ನೋರಾ. ಈ ಉಂಗುರವನ್ನು ನಮಗಾಗಿ ನಾವೇ ಕೊಂಡುಕೊಳ್ಳಬಾರದು, ಯಾರಾದರೂ ಕೊಡಬೇಕು, ತಾಯಿಯಿಂದ ಮಗಳಿಗೆ ಬರಬೇಕು ಎನ್ನುತ್ತಿದ್ದಳು. ಅವಳಿಗೆ ಮಗಳಿರಲಿಲ್ಲ. ಕೋರ್ಸು ಮುಗಿದು ಹೊರಡುವ ದಿನ ಊದಿದ ಬೆರಳಿಗೆ ಸೋಪು ಹಚ್ಚಿಕೊಂಡು ಉಂಗುರ ಕಳಚಿದ ನೋರಾ ಅದನ್ನು ಹರ್ಷಿಣಿಯ ಬಲಗೈಗೆ ತೊಡಿಸಿದಳು. ಚೂಪು ಹೊರಗೆ. "ಯಾರಾದರೂ ಬಂದಾಗ ಅವನೇ ತಿರುಗಿಸಲಿ," ಎಂದಳು.

ಅವನೇ ತಿರುಗಿಸಿದ್ದ. ಗುರುಗ್ರಾಮದ ಒಂದೇ ಆಫೀಸಿನಲ್ಲಿ ಎರಡು ವರ್ಷ ಅಕ್ಕಪಕ್ಕ ಕೂತು ಕೆಲಸ ಮಾಡಿದ ಸಾತ್ವಿಕ್, ಒಂದು ಸಂಜೆ ಅಲ್ಲಿನ ಎಂ.ಜಿ. ರೋಡ್ ಮೆಟ್ರೊ ಸ್ಟೇಷನ್ನಿನಲ್ಲಿ ಮೂರು ಗಾಡಿಗಳನ್ನು ಹೋಗಲು ಬಿಟ್ಟು, ನಾಲ್ಕನೆಯದು ಬರುವ ಮೊದಲು ಅವಳ ಬೆರಳಿನಿಂದ ಉಂಗುರ ತೆಗೆದು, ತಿರುಗಿಸಿ, ಮತ್ತೆ ತೊಡಿಸಿದ್ದ. ಅದೇ ಸಂಜೆ, ಇದು ಯಾರಿಗೂ ತಿಳಿಯಬಾರದೆಂದು ಅವಳಿಂದ ಆಣೆಯನ್ನೂ ಮಾಡಿಸಿಕೊಂಡಿದ್ದ. ಅವನ ಅಣ್ಣ ಸುಹಾಸ್ ತಾನೇ ಮೆಚ್ಚಿದ ಪಂಜಾಬಿ ಹುಡುಗಿಯನ್ನು ಮದುವೆಯಾಗಿ ಮೂರು ವರ್ಷವಾದರೂ ಪದ್ಮಾ ಅವನನ್ನು ಮನೆಯ ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ಆದ್ದರಿಂದ ಹರ್ಷಿಣಿಯ ಜಾತಕ 'ಹೊರಗಿನಿಂದ' ಬರಬೇಕಿತ್ತು. ಬಂತು. ಕನ್ನಡಿಗರ ಮನೆಗಳಿಗೆ ಸಂಬಂಧ ಕೂಡಿಸುವ ದಕ್ಷಿಣಾಮೂರ್ತಿಗಳ ಕಡತದಲ್ಲಿ ಅದೂ ಸೇರಿತು. ಸಾತ್ವಿಕ್ ಒಂದೊಂದಕ್ಕೂ ಒಂದೊಂದು ಕುಂದು ಹೇಳಿ ಹತ್ತು ಹುಡುಗಿಯರನ್ನು ಬೇಡವೆಂದ. ಉಳಿದ ಹನ್ನೊಂದನೆಯದನ್ನು ಪದ್ಮಾ ಆರಿಸಿದರು. ಅಂದಿನಿಂದ ದೆಹಲಿಯ ದ್ವಾರಕಾ ಬಡಾವಣೆಯ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರು ಸಿಕ್ಕರೂ "ನನ್ನ ಸೆಲೆಕ್ಷನ್" ಎಂದು ಸೊಸೆಯ ಬೆನ್ನು ಸವರುತ್ತಿದ್ದರು.

ಆ ಕೈಯೇ ಈಗ ಮೇಜು ಬಡಿಯಿತು.

"ಹನ್ನೊಂದರಲ್ಲಿ ನಿನ್ನನ್ನ ಆರಿಸಿದವಳು ನಾನು. ನನ್ನ ಕಣ್ಣಿಗೆ ಮಣ್ಣೆರಚಿದೆ. ಹೆಸರು ಹೇಳು."

"ಊಟ ಆಗಲಿ, ಪದ್ಮಾ," ಎಂದರು ಮಾವ ವೆಂಕಟಸುಬ್ಬಯ್ಯ. ಮೂವತ್ತಾರು ವರ್ಷ ಸರ್ಕಾರಿ ಆಫೀಸಿನಲ್ಲಿ ಇನ್ನೊಬ್ಬರ ಟಿಪ್ಪಣಿಯ ಕೆಳಗೆ ಸಹಿ ಹಾಕಿ ನಿವೃತ್ತರಾದವರು ಅವರು. ಅಷ್ಟು ಹೇಳಿ ಮಜ್ಜಿಗೆ ಬಡಿಸಿಕೊಂಡರು.

"ಹೆಸರು ಹೇಳು, ಇಲ್ಲ ನಿಮ್ಮಪ್ಪನ ಮನೆಗೆ ನಡಿ. ಅವರೇ ಬಂದು ಉತ್ತರ ಕೊಡಲಿ. ರೋಹಿಣಿಯವರ ಕಿವಿಗೆ ಬಿದ್ದರೆ ಈ ಹುಡುಗಿಯ ಗತಿ ಏನು?"

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಎರಡಡಿ ದೂರದಲ್ಲಿ ಆ ಹೆಸರಿನವನು ಕೂತಿದ್ದ. ಹೇಳಿಬಿಟ್ಟರೆ ಮುಗಿಯುತ್ತಿತ್ತೇ? ಸಿಕ್ಕಿಬಿದ್ದವಳು ಗಂಡನ ಕಡೆ ಬೆರಳು ತೋರಿಸಿದಳು ಎನ್ನುತ್ತಿದ್ದರು. ಅದಕ್ಕೂ ಅವಳು ಹೆದರಲಿಲ್ಲ. ಅವಳು ಕಾದಳು. ಇದು ಅವನ ತಾಯಿ, ಅವನು ಕಟ್ಟಿದ ಸುಳ್ಳು, ಅವನು ತಿರುಗಿಸಿದ ಉಂಗುರ... ಒಂದು ಮಾತು ಅವನ ಬಾಯಿಂದ ಬರಲಿ ಎಂದು ಕಾದಳು. ಗೋಡೆಯ ಗಡಿಯಾರ, ಫ್ಯಾನು, ಕೆಳಗೆ ತರಕಾರಿ ಭಯ್ಯಾನ ಕೂಗು, ಎಲ್ಲಕ್ಕೂ ಆ ಮಧ್ಯಾಹ್ನ ಬಾಯಿ ಇತ್ತು.

ಅವಳು ಎದ್ದು ಕೋಣೆಗೆ ಹೋದಳು. ಸಾತ್ವಿಕ್ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದ.

"ಅನನ್ಯಾ ಎಂಗೇಜ್ಮೆಂಟ್ ಮುಗೀಲಿ, ಹರ್ಷಿ. ಆಮೇಲೆ ನಿಧಾನವಾಗಿ ಹೇಳ್ತೀನಿ. ಪ್ರಾಮಿಸ್."

"ಯಾರೋ ಒಬ್ಬನ ಜೊತೆ ಇದ್ದೆ ಅಂತ ನಿಮ್ಮಮ್ಮ ಅಂತಿದ್ದಾರೆ. ಆ ಯಾರೋ ಒಬ್ಬ ಅನ್ನ ಕಲಸ್ತಾ ಕೂತಿದ್ದ."

"ಈಗ ಹೇಳಿದ್ರೆ ಸುಹಾಸನಿಗೆ ಆದದ್ದೇ ನನಗೂ ಆಗುತ್ತೆ. ಅಮ್ಮಂಗೆ ಬಿ.ಪಿ. ಬೇರೆ."

"ಹಾಗಾದ್ರೆ ನಾನು ಹೇಳಲಾ?"

"ಬೇಡ. ಆಣೆ ಮಾಡಿದೀಯ." ಅವನು ದನಿ ತಗ್ಗಿಸಿದ. "ನಾಲ್ಕು ದಿನ ನಿಮ್ಮಪ್ಪನ ಮನೇಲಿರು. ಎಲ್ಲ ತಣ್ಣಗಾಗುತ್ತೆ."

ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬಂದದ್ದು ಸಿಟ್ಟು. ಒಣ ಸಿಟ್ಟು. ತನ್ನ ಮಾನಕ್ಕೆ ಬೆಂಕಿ ಹಚ್ಚಿ, ಅದರ ಮುಂದೆ ಕೂತು ತಣ್ಣಗಾಗಲಿ ಎನ್ನುವ ಈ ಮನುಷ್ಯನಿಗಾಗಿಯೇ ತಾನು ಮೂರು ಗಾಡಿ ಬಿಟ್ಟು ನಿಂತದ್ದೇ? ಅವಳು ಚೀಲ ತುಂಬಿಕೊಂಡಳು.

ಕಿದ್ವಾಯಿ ನಗರದ ಸರ್ಕಾರಿ ವಸತಿಯ ಎಂಟನೆಯ ಮಹಡಿಯಲ್ಲಿ ಅವಳ ತಂದೆ ಸೂರ್ಯನಾರಾಯಣ ಒಬ್ಬರೇ ಇದ್ದರು. ಇನ್ನು ಐದು ತಿಂಗಳಿಗೆ ನಿವೃತ್ತಿ, ಆಮೇಲೆ ಮನೆ ಬಿಡಬೇಕು. ಮಗಳ ಕೈಯಲ್ಲಿದ್ದ ಚೀಲ ನೋಡಿದರು. "ಊಟ ಆಯ್ತಾ?" ಎಂದಷ್ಟೇ ಕೇಳಿದರು. ಅದೇ ಸಂಜೆ ಪದ್ಮಾರಿಂದ ಅವರಿಗೆ ಫೋನು ಬಂತು. ಹತ್ತು ನಿಮಿಷ "ಹೂಂ... ಹೂಂ..." ಎನ್ನುತ್ತ ಬಾಲ್ಕನಿಯಲ್ಲಿ ನಿಂತವರು ಒಳಗೆ ಬಂದು, ಏನನ್ನೂ ಕೇಳದೆ, ಮಗಳ ಮಂಚಕ್ಕೆ ಒಗೆದ ಹೊದಿಕೆ ಹಾಸಿದರು.

ಸಾತ್ವಿಕನ ಸಂದೇಶಗಳು ಬರುತ್ತಿದ್ದವು. ಸ್ವಲ್ಪ ಟೈಮ್ ಕೊಡು. ನನ್ನನ್ನೂ ಅರ್ಥ ಮಾಡ್ಕೊ. ಆ ಉಂಗುರದ ಐತಿಹ್ಯವನ್ನು ಅವನೇ ಎಷ್ಟು ಸಲ ಹೇಳಿಸಿಕೊಂಡು ಕೇಳಿದ್ದ! ಕ್ಲಾಡಾದ ಯುವಕನೊಬ್ಬನನ್ನು ಕಡಲ್ಗಳ್ಳರು ಹಿಡಿದು ಮಾರಿದರಂತೆ. ಅವನು ದೂರದೇಶದಲ್ಲಿ ಅಕ್ಕಸಾಲಿಗನ ಬಳಿ ದುಡಿಯುತ್ತ ಕಸುಬು ಕಲಿತನಂತೆ. ವರ್ಷಗಳ ಮೇಲೆ ಬಿಡುಗಡೆಯಾಗಿ ಬಂದರೆ ಅವನ ಹುಡುಗಿ ಇನ್ನೂ ಕಾಯುತ್ತಿದ್ದಳಂತೆ. ಅವಳಿಗೆ ಈ ಉಂಗುರ ತೊಡಿಸಿದನಂತೆ. ಅವನು ಅಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ನಡುವೆ ಸಮುದ್ರವಿತ್ತು, ಕೊರಳಲ್ಲಿ ಒಡೆಯನ ಪಟ್ಟಿಯಿತ್ತು. ದ್ವಾರಕಾದಿಂದ ಕಿದ್ವಾಯಿ ನಗರಕ್ಕೆ ಒಂದು ಗಂಟೆಯ ದಾರಿ. ಇವನನ್ನು ಯಾರು ಹಿಡಿದಿಟ್ಟಿದ್ದರು?

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂವರೂ ಬಂದರು, ಪದ್ಮಾ, ವೆಂಕಟಸುಬ್ಬಯ್ಯ, ಸಾತ್ವಿಕ್. ಸೂರ್ಯನಾರಾಯಣ ತಾವೇ ಕಾಫಿ ಮಾಡಿ ಸ್ಟೀಲ್ ಲೋಟಗಳಲ್ಲಿ ತಂದಿಟ್ಟರು. ಯಾರೂ ಮುಟ್ಟಲಿಲ್ಲ.

"ಆರು ದಿನ ಕೊಟ್ಟೆ," ಎಂದರು ಪದ್ಮಾ. "ಏನಂತಾಳೆ ನಿಮ್ಮ ಮಗಳು?"

"ನಾನು ಕೇಳಿಲ್ಲಮ್ಮ."

"ಕೇಳಿಲ್ಲವಾ? ಚೆನ್ನಾಗಿದೆ. ಒಬ್ಬಳೇ ಪರದೇಶಕ್ಕೆ ಕಳಿಸಿದಿರಿ, ಏನು ಹಚ್ಚಿಕೊಂಡು ಬಂದಳು ಅಂತಾನೂ ಕೇಳಲಿಲ್ಲ. ಬೆಳೆಸಿದ ರೀತಿ ಕಾಣುತ್ತೆ ಬಿಡಿ. ತಾಯಿ ಇಲ್ಲದ ಮನೆ."

ಸೂರ್ಯನಾರಾಯಣ ಎದ್ದು ನಿಂತರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಅದನ್ನು ಕಂಡೇ ಹರ್ಷಿಣಿಯ ಎದೆ ಒಡೆಯಿತು. ಅವರು ಎರಡು ಹೆಜ್ಜೆ ಮುಂದೆ ಬಂದು ಪದ್ಮಾ ಅವರೆದುರು ಕೈ ಮುಗಿದರು. ಮುಗಿದ ಕೈಗಳ ಮೇಲೆ ನರೆತ ತಲೆ ಬಾಗಿತು.

"ತಾಯಿ ಇಲ್ಲದ ಹುಡುಗೀನೇ ಅಮ್ಮ. ತಪ್ಪಾಗಿದ್ದರೆ ಅದು ನನ್ನದು. ನನ್ನ ಮುಖ ನೋಡಿ ಕ್ಷಮಿಸಿಬಿಡಿ. ಅವಳನ್ನ ಮನೆಗೆ ಕರ್ಕೊಂಡು ಹೋಗಿ."

"ಅಪ್ಪಾ..." ಹರ್ಷಿಣಿ ಓಡಿಬಂದು ಆ ಕೈಗಳನ್ನು ಹಿಡಿದು ಬಿಡಿಸಲು ನೋಡಿದಳು. ಅವು ಬಿಡಲಿಲ್ಲ. ಅವಳು ತಿರುಗಿ ಗಂಡನನ್ನು ನೋಡಿದಳು.

ಸಾತ್ವಿಕ್ ತಣ್ಣಗಾದ ಕಾಫಿಯನ್ನು ನೋಡುತ್ತ ಹೇಳಿದ. "ನಾನೇ ಅಮ್ಮ. ಅದು ನಾನೇ. ಎರಡು ವರ್ಷ ಒಂದೇ ಆಫೀಸು. ಜಾತಕ ದಕ್ಷಿಣಾಮೂರ್ತಿಗಳ ಹತ್ರ ಕೊಡಿಸಿದ್ದೂ ನಾನೇ."

ಪದ್ಮಾ ಮಗನ ಕಡೆ ತಿರುಗಿದರು. "ಇವಳು ಹೇಳಿಕೊಟ್ಟಳಾ ಹೀಗೆ ಹೇಳು ಅಂತ?"

"ಇಲ್ಲಮ್ಮ. ನಿಜ."

"ಹಾಗಾದರೆ ಆ ಹತ್ತು ಹುಡುಗಿಯರು..." ಅವರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಅದು ನಿಜವಾದ ನೋವೇ. ಆದರೆ ಅದು ಮಗನ ಮೇಲೆ ಹರಿಯಲಿಲ್ಲ. ಪಕ್ಕಕ್ಕೆ ಹರಿಯಿತು. "ನಿನಗೆಲ್ಲಿತ್ತು ಇಷ್ಟು ಬುದ್ಧಿ? ನೀನು ಹೇಳಿದ್ದು ಕೇಳಿಕೊಂಡು ಇರೋ ಹುಡುಗ. ಎಲ್ಲ ಇವಳದೇ ಯೋಜನೆ. ಉಂಗುರ ತಿರುಗಿಸಿಕೊಂಡು ಬಂದು ಹೊಂಚು ಹಾಕಿದ್ದಾಳೆ."

ಇನ್ನೊಬ್ಬನ ಜೊತೆ ಇದ್ದವಳು ಎಂದು ಆರು ದಿನ ಅನ್ನಿಸಿಕೊಂಡಳು. ಆ ಇನ್ನೊಬ್ಬ ತಮ್ಮ ಮಗನೇ ಎಂದು ಗೊತ್ತಾದ ಮೇಲೂ ಅಪರಾಧ ಅವಳದೇ! ಮಾಡಿದವನಿಗೆ ಒಂದು ನಿಮಿಷದಲ್ಲಿ ಕ್ಷಮೆ ಸಿಕ್ಕಿತು. ಪದ್ಮಾ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು.

"ಆಯ್ತು. ಹೊರಗಿನವನಂತೂ ಅಲ್ಲವಲ್ಲ. ರೋಹಿಣಿಯವರಿಗೆ ಏನೂ ಹೇಳೋದು ಬೇಡ. ಚಲೋ, ಬಟ್ಟೆ ತಗೋ ಹರ್ಷಿಣಿ, ಮನೇಲಿ ರಾಶಿ ಕೆಲಸ ಬಿದ್ದಿದೆ."

ಸೂರ್ಯನಾರಾಯಣ ಇನ್ನೂ ನಿಂತೇ ಇದ್ದರು. ಮುಗಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಡತೊಡಗಿದ್ದರು. ಅವರ ಕಡೆ ಯಾರೂ ನೋಡಲಿಲ್ಲ.

"ನಾನು ಬರೋದಿಲ್ಲ, ಅತ್ತೆ," ಎಂದಳು ಹರ್ಷಿಣಿ. ಅವಳ ದನಿ ಏರಲಿಲ್ಲ. "ಸಾತ್ವಿಕ್, ನಿಮ್ಮಮ್ಮನ ಎದುರು ನಿಜ ಹೇಳಿದೆ. ಒಳ್ಳೇದಾಯ್ತು. ನಮ್ಮಪ್ಪ ಕೈ ಮುಗಿದು ನಿಂತಿದ್ರು, ನಿನ್ನ ತಪ್ಪಿಗೆ. ಅವರ ಹತ್ರ ಹೇಳೋ ಮಾತು ಏನಾದರೂ ಇದೆಯಾ?"

"ಎಲ್ಲ ಹೇಳಿದೆನಲ್ಲ ಈಗ..." ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಇನ್ನೇನು ಹೇಳಬೇಕು?"

"ಗೊತ್ತಾದಾಗ ಬಾ."

ವೆಂಕಟಸುಬ್ಬಯ್ಯ ಚಪ್ಪಲಿ ಮೆಟ್ಟುತ್ತ ಬೀಗರ ಕಡೆ ಒಮ್ಮೆ ನೋಡಿ ಹೊರನಡೆದರು. ಹೊರಗಿನಿಂದ ಪದ್ಮಾ ಕೂಗಿದರು. "ಸಾತ್ವಿಕ್, ಲಿಫ್ಟ್ ಹಿಡಿದು ನಿಂತಿದ್ದೀನಿ." ಅವನು ಹೆಂಡತಿಯನ್ನು ನೋಡಿದ, ಲಿಫ್ಟಿನ ಕಡೆ ನೋಡಿದ. "ಫೋನ್ ಮಾಡ್ತೀನಿ," ಎಂದು ಹೋದ.

ಅಡುಗೆಮನೆಯಲ್ಲಿ ಸೂರ್ಯನಾರಾಯಣ ಕುಡಿಯದ ಕಾಫಿಯನ್ನು ಸಿಂಕಿಗೆ ಚೆಲ್ಲಿ ಲೋಟ ತೊಳೆಯುತ್ತಿದ್ದರು. ಹರ್ಷಿಣಿ ಪಕ್ಕದಲ್ಲಿ ನಿಂತು ಒರೆಸಿದಳು. ಆರು ದಿನಗಳಲ್ಲಿ ಮೊದಲ ಸಲ ಅವರು ಈ ಬಗ್ಗೆ ಒಂದು ಪ್ರಶ್ನೆ ಕೇಳಿದರು.

"ಅವರು ನಿನ್ನ ನೋಡೋಕೆ ಬಂದ ದಿನ... ನಾನು ಬೆಳಿಗ್ಗೆ ಐದಕ್ಕೆ ಎದ್ದು ಕೇಸರಿಬಾತು ಮಾಡಿದೆ. ಒಪ್ಪಿದರೆ ಸಾಕು ಅಂತ ಬೇಡ್ಕೊಂಡೆ. ಆಗಲೇ ಎಲ್ಲ ಗೊತ್ತಿತ್ತಾ ನಿಮ್ಮಿಬ್ಬರಿಗೂ?"

"ಹೂಂ ಅಪ್ಪ."

"ಈ ವಾರವೆಲ್ಲ ಇಲ್ಲೇ ಇದ್ದೆ. ಆಗಲೂ ಹೇಳಲಿಲ್ಲ."

ಲೋಟ ಒರೆಸುತ್ತಿದ್ದ ಅವಳ ಕೈ ನಿಂತಿತು. ಅವನ ಬಾಯಿಂದಲೇ ಬರಲಿ ಎಂದು ಅವಳು ಆರು ದಿನ ಹಟದಿಂದ ಕಾದಿದ್ದಳು. ಆ ಹಟದ ಆಚೆ ಈ ಮನೆಯಲ್ಲಿ ಒಬ್ಬರು ನಿದ್ದೆಯಿಲ್ಲದೆ ಮಗ್ಗುಲು ಬದಲಾಯಿಸುತ್ತಿದ್ದುದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

"ಗೊತ್ತಿದ್ದಿದ್ದರೆ ನಾನು ಕೈ ಮುಗೀತಿರಲಿಲ್ಲ, ಹರ್ಷಿ," ಎಂದರು ಅವರು, ನಲ್ಲಿ ನಿಲ್ಲಿಸಿ. "ಅಷ್ಟೇ."

ಅವರ ದನಿಯಲ್ಲಿ ಆಪಾದನೆಯಿರಲಿಲ್ಲ. ಆ ಬೆಳಿಗ್ಗೆ ಆ ಮನೆಯಲ್ಲಿ ಹೇಳಬೇಕಿದ್ದವರು ಯಾರೂ ಹೇಳದೇ ಹೋದ ಮಾತೊಂದಿತ್ತು. ಹರ್ಷಿಣಿ ಒದ್ದೆ ನೆಲದ ಮೇಲೆ ಮಂಡಿಯೂರಿ, ತಂದೆಯ ಎರಡೂ ಪಾದ ಹಿಡಿದು, ಆ ಮಾತನ್ನು ಹೇಳಿದಳು.

"ತಪ್ಪು ನನ್ನದು, ಅಪ್ಪ."