ಟೆಲಿಸ್ಕೋಪಿಗೆ ಕಟ್ಟಿದ ಪಟಕಾ

ಫೋಟೊದಲ್ಲಿನ ಕಲೆ ಎಲ್ಲಿಂದ ಬಂತೆಂದು ಹೇಳುವುದರಲ್ಲಿ ಈ ಕಡೆ ನನ್ನನ್ನು ಮೀರಿಸುವವರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಸಾರಶಿರಸಿಯ ಹೊರಗೆ ಗೆಳೆಯ ಶ್ರೀಮಂತನ ಹೊಲದಲ್ಲಿ ರಾತ್ರಿಯಿಡೀ ನಕ್ಷತ್ರಗಳ ಫೋಟೊ ತೆಗೆದಿದ್ದೆ. ಬೆಳಕು ಹರಿಯುವಾಗ ಇನ್ನೊಂದು ಕೆಲಸವಿರುತ್ತದೆ. ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಬರೀ ಬೆಳಕಿನ ಫೋಟೊ ತೆಗೆಯಬೇಕು. ಅದರಲ್ಲಿ ಒಳಗಿನ ಧೂಳಿನ ಕಲೆಗಳು ಮೂಡುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ರಾತ್ರಿಯ ಚಿತ್ರಗಳಿಂದ ಅವೇ ಕಲೆಗಳನ್ನು ಕಳೆಯುತ್ತೇವೆ.

ಅಂದು ಬಟ್ಟೆ ಮರೆತಿದ್ದೆ. ಕುರಿಹಟ್ಟಿಯ ಗೂಟಕ್ಕೆ ತಲೆಗೆ ಸುತ್ತುವ ಬಿಳಿ ಪಟಕಾ ನೇತುಹಾಕಿದ್ದರು. ಅದನ್ನೇ ತಂದು ಬಿಗಿದೆ. ಚಳಿಗೆ ಕೈ ಮರಗಟ್ಟಿತ್ತು. ಪಟಕಾ ಮಾತ್ರ ಈಗಷ್ಟೇ ತಲೆಯಿಂದ ಇಳಿಸಿದಂತೆ ಬೆಚ್ಚಗಿತ್ತು. ಕುರಿಗಳೆಲ್ಲ ಒಮ್ಮೆಗೇ ಸುಮ್ಮನಾಗಿ ಟೆಲಿಸ್ಕೋಪಿನ ಕಡೆ ತಿರುಗಿ ನಿಂತವು.

ಚಹಾ ತಂದ ಶ್ರೀಮಂತನ ತಾಯಿ ಮಲಕಮ್ಮ ಅಲ್ಲೇ ನಿಂತರು. "ಅದನ್ಯಾಕ ಕಟ್ಟೀರಿ ತಮ್ಮಾ? ನಮ್ಮ ಮನಿಯವರದದು. ಅವರು ಹೋದ ಮ್ಯಾಲ ಯಾರ ತಲಿಗೂ ಸುತ್ತಿಲ್ಲ."

"ಇದೇನು ತಲಿ ಅಲ್ಲಲ್ರೀ ಅವ್ವಾ," ಎಂದು ನಕ್ಕೆ.

"ರಾತ್ರಿ ಎಲ್ಲಾ ಕಣ್ಣ ತೆರದು ಮ್ಯಾಲ ನೋಡಿದ್ದು ಇದೇ ಅಲ್ಲೇನು?"

ಫೋಟೊದಲ್ಲಿ ಧೂಳಿನ ಉಂಗುರಗಳ ನಡುವೆ ಮೂರು ಬೆರಳಿನ ಕಪ್ಪು ಗುರುತು ಮೂಡಿತ್ತು. ಕ್ಯಾಮೆರಾ ಬಿಚ್ಚಿ ನೋಡಿದೆ, ಒಳಗೆ ಧೂಳು ಬಿಟ್ಟರೆ ಬೆರಳಿನ ಗುರುತೇನೂ ಇರಲಿಲ್ಲ. ಎಲ್ಲ ಈ ಪಟಕಾದ ಕೆಲಸವೆಂದುಕೊಂಡೆ. ಹಾಗಿದ್ದರೆ ಲೆಕ್ಕ ಸುಲಭ: ರಾತ್ರಿಯ ಚಿತ್ರದಲ್ಲಿ ಇಲ್ಲದ ಗುರುತನ್ನು ಕಳೆದರೆ ಅಲ್ಲಿ ಬೆಳ್ಳಗೆ ಮೂರು ಬೆರಳು ಉಳಿಯಬೇಕು.

ಮನೆಗೆ ಬಂದು ಕಳೆದು ನೋಡಿದೆ. ಚಿತ್ರ ಸ್ವಚ್ಛವಾಗಿ ಬಂತು.

ಅಂದರೆ, ನಾನು ಪಟಕಾ ಮುಟ್ಟುವ ಮೊದಲೇ, ರಾತ್ರಿಯ ಪ್ರತಿಯೊಂದು ಚಿತ್ರದಲ್ಲೂ ಆ ಬೆರಳುಗಳಿದ್ದವು.