ಹೇಳದೆ ಹೋಗುವವಳು

ಸಂಜೆ ಹೊರಡುವಾಗ ಸುಮನ್ ‘ಬರ್ತೇನಿ’ ಅನ್ನುತ್ತಿರಲಿಲ್ಲ. ಚೀಲ ಹೆಗಲಿಗೇರಿಸಿ, ಸೆರಗು ಸರಿಮಾಡಿಕೊಂಡು, ಸುಮ್ಮನೆ ಎದ್ದು ಹೋಗಿಬಿಡುತ್ತಿದ್ದಳು.

ಡಾಕ್ಟರ್ ಪ್ರಹ್ಲಾದನಿಗೆ ಇದು ಚುಚ್ಚುತ್ತಿತ್ತು. ಅವನು ಪ್ರತಿ ಮಂಗಳವಾರ ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಶಿಗ್ಗಾಂವಕ್ಕೆ ಬರುತ್ತಿದ್ದ. ಅಲ್ಲಿ ಟ್ರಸ್ಟೊಂದು ನಡೆಸುವ ಮಾನಸಿಕ ಚಿಕಿತ್ಸಾಲಯ. ಎದುರುಬದುರು ಎರಡೇ ಕೋಣೆ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಸುಮನ್. ಉಳಿದ ದಿನ ಹಾನಗಲ್ಲ, ಹಿರೇಕೆರೂರ ಕಡೆ ರೋಗಿಗಳ ಮನೆಗೆ ಹೋಗಿ ಅವರ ದುಃಖ ಕೇಳಿ ಬರುವುದು ಅವಳ ಕೆಲಸ. ಸವಣೂರಿನಲ್ಲಿ ಒಬ್ಬಳೇ ಬಾಡಿಗೆಗೆ ಇದ್ದಳು.

ಎಂಬತ್ಮೂರನೇ ಇಸವಿಯಲ್ಲಿ ಇಂಥ ಕೆಲಸ ಅಂದರೆ ಜನ ನಗುತ್ತಿದ್ದರು. “ಹುಚ್ಚರ ಡಾಕ್ಟರಗ ಹೆಣ್ಣು ಕೊಡೋರು ಯಾರು?” ಎಂದು ಪ್ರಹ್ಲಾದನ ಸೋದರತ್ತೆಯೇ ಅಂದಿದ್ದಳು.

ಸುಮನ್ ಮೊದಲು ಹೀಗಿರಲಿಲ್ಲ. ಬಾಗಿಲ ತನಕ ಹೋಗಿ, ತಿರುಗಿ, “ಬರ್ತೇನ್ರಿ ಡಾಕ್ಟರ” ಎಂದು ಕಣ್ಣಲ್ಲೇ ನಗುತ್ತಿದ್ದಳು. ಆ ನಗು ಹುಬ್ಬಳ್ಳಿಯವರೆಗೂ ಅವನ ಪಕ್ಕದಲ್ಲೇ ಕೂತು ಬರುತ್ತಿತ್ತು. ಶ್ರಾವಣ ಕಳೆದ ಮೇಲೆ ಅದು ನಿಂತಿತು. ತನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡ. ಊರವರ ಮನಸ್ಸು ಓದುವ ಪುಣ್ಯಾತ್ಮನಿಗೆ ಎದುರು ಕೋಣೆಯದು ಓದಲು ಬರಲಿಲ್ಲ.

ಒಂದು ಮಂಗಳವಾರ ಧೈರ್ಯ ಮಾಡಿ ಅವಳ ಕೋಣೆಗೆ ಹೋದ. ಆಯಾ ದಾವಲಬಿ ಇಟ್ಟುಹೋದ ಚಹಾ ಕೆನೆಗಟ್ಟಿತ್ತು.

“ಸುಮನ್ ಅವರ, ನನ್ನ ಮ್ಯಾಲೆ ಸಿಟ್ಟೇನ್ರಿ?”

“ಯಾಕ್ರಿ?”

“ಹೋಗುವಾಗ ಬರ್ತೇನಿ ಅನ್ನಂಗಿಲ್ಲ. ಎಂಥಾ ಮನಿಯಿಂದ ಹಂಗ ಏಳ್ತಾರ ಅಂತ ನಿಮಗೂ ಗೊತ್ತದ.”

ಗೊತ್ತಿತ್ತು. ಸತ್ತವರ ಮನೆಗೆ ಮಾತಾಡಿಸಲು ಹೋದವರು ಏಳುವಾಗ ‘ಬರ್ತೇನಿ’ ಅನ್ನುವುದಿಲ್ಲ. ಅಂಥ ಕಾರಣಕ್ಕೆ ಮತ್ತೆ ಬರುವುದು ಬೇಡ ಎಂದು ಹೇಳದೆಯೇ ಹೋಗುತ್ತಾರೆ.

ಸುಮನ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಕುಡಿಯಲಿಲ್ಲ.

“ಶ್ರಾವಣದಾಗ ನಮ್ಮ ಪೇಶಂಟ್, ದುಂಡಸಿ ಊರಿನ ಅನ್ನವ್ವಗ ಬರ್ತೇನಿ ಅಂತ ಹೇಳಿ ಬಂದಿದ್ದೆ. ಮತ್ತ ಹೋಗೂದ್ರಾಗ ಆಕಿ ಬಾವಿ ಪಾಲಾಗಿದ್ಲು. ಅವತ್ತಿಂದ ಯಾವ ಮನಿಗೆ ಹೋದ್ರೂ ಸತ್ತವರ ಮನಿಗೆ ಹೋದಂಗ ಆಗ್ತದ. ಈ ಖೋಲಿನೂ ಹಂಗ. ಜನ ಮುಂದ ಕುಂತು ಅಳ್ತಾರ, ನನಗ ಏನೂ ಅನಸಂಗಿಲ್ರಿ. ಮನಿಗೆ ಹೋಗಿ ಗ್ವಾಡಿ ನೋಡ್ಕೋತ ಕುಂದರ್ತೇನಿ.”

“ನನಗ ಹೇಳಬಾರದಿತ್ತೇನ್ರಿ?”

“ಈಕಿ ಕೆಲಸಕ್ಕ ಬಾರದಾಕಿ ಅಂತ ತಿಳ್ಕೊಂಡ್ರ ಅಂತ ಅಂಜಿದೆ.”

ಇಷ್ಟು ದಿನ ಕದ್ದು ಕದ್ದು ನೋಡಿದ ಮುಖದ ಕಣ್ಣ ಕೆಳಗಿನ ಕಪ್ಪು ಪ್ರಹ್ಲಾದನಿಗೆ ಇವತ್ತು ಕಂಡಿತು. ಇಲ್ಲೇ ಇರು, ನನ್ನ ಜೊತೆ ಇರು ಅನ್ನಬೇಕೆನಿಸಿತು. ಅಂದಿದ್ದರೆ ಅವಳು ಉಳಿಯುತ್ತಿದ್ದಳು. ಉಳಿದು ಪೂರಾ ಮುರಿದುಹೋಗುತ್ತಿದ್ದಳು.

“ಗದಗಕ್ಕ, ನಿಮ್ಮ ಅವ್ವನ ಹತ್ರ ಹೋಗ್ರಿ. ಸಂಕ್ರಾಂತಿ ತನಕ ಯಾರ ದುಃಖಾನೂ ಕೇಳಬ್ಯಾಡ್ರಿ. ಟ್ರಸ್ಟಿನವರಿಗೆ ನಾ ಹೇಳ್ತೇನಿ.”

“ನೀವು ಒಬ್ರ ಆಗ್ತೀರಲ್ಲ?”

“ಭಾಳ ಒಬ್ಬನ ಆಗ್ತೇನಿ. ನನಗ ಮಂಗಳವಾರ ಅಂದ್ರ ನೀವರಿ, ಸುಮನ್. ಆದ್ರೂ ಹೋಗ್ರಿ. ಬರಬೇಕು ಅನಿಸಿದ್ರ ಬರ್ರಿ. ಬಂದ್ರ, ಸಂಜಿಕ ಚಹಾ ಕುಡಕೋತ ಮೊದಲು ನಮ್ಮ ದುಃಖ ಹೇಳ್ಕೊಂಡ ಮ್ಯಾಲೇ ಖೋಲಿ ಕೀಲಿ ಹಾಕೋಣು.”

ಎಷ್ಟೋ ದಿನದ ಮೇಲೆ ಸುಮನ್‌ಗೆ ಅಳು ಬಂತು. ದಿನವಿಡೀ ಅಳುವವರನ್ನೇ ನೋಡುವ ಡಾಕ್ಟರ್ ಏನು ಮಾಡಬೇಕೋ ತಿಳಿಯದೆ, ತಣ್ಣಗಾದ ಅವಳ ಚಹಾವನ್ನು ತಾನೇ ಕುಡಿದುಬಿಟ್ಟ. ಅಳುತ್ತಲೇ ಅವಳು ನಕ್ಕಳು.

ಮುಂದಿನ ಮಂಗಳವಾರ ಶಿಗ್ಗಾಂವದ ಸ್ಟ್ಯಾಂಡಿನಲ್ಲಿ, ಸವಣೂರಿನಿಂದ ತಂದಿದ್ದ ಅವಳ ಟ್ರಂಕು ಗದಗದ ಬಸ್ಸಿಗೇರಿತು. ಅವಳು ಕಿಟಕಿ ಪಕ್ಕ ಕೂತಳು. ಅವನನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು. ಬಸ್ಸು ಹೊರಟಿತು. ಆಯಿತು, ಇವತ್ತೂ ಹೇಳದೆಯೇ ಹೋದಳು ಎಂದು ಅವನು ತಿರುಗಿದ.

“ಡಾಕ್ಟರ!”

ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು. ಹೆರಳು ಗಾಳಿಗೆ ಬಿಚ್ಚಿತ್ತು.

“ಬರ್ತೇನ್ರೀ!”

ಅವನು ಕೈ ಎತ್ತುವಷ್ಟರಲ್ಲಿ ಬಸ್ಸು ಹೈವೇ ಸೇರಿತ್ತು.

ಅದರ ಮುಂದಿನ ಮಂಗಳವಾರ ಎದುರು ಕೋಣೆಯ ಬಾಗಿಲು ಮುಚ್ಚಿತ್ತು. ದಾವಲಬಿ ಮರೆತು ಎರಡು ಚಹಾ ತಂದಳು. ಸಂಜೆ ತನ್ನ ಕೋಣೆಗೆ ಕೀಲಿ ಹಾಕಿದ ಪ್ರಹ್ಲಾದ ಆ ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡ.

“ಬರ್ತೇನಿ,” ಅಂದ.